ಮಳೆ, ಹೆದ್ದಾರಿ ಮತ್ತು ಚಕ್ರದ ಹಿಡಿತ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ದೇಶದ ರಸ್ತೆ ಅಪಘಾತಗಳ ಕುರಿತು ವಾರ್ಷಿಕ ವರದಿಗಳನ್ನು ಪ್ರಕಟಿಸುತ್ತದೆ. 2022ರ ವರದಿಯ ಪ್ರಕಾರ ಆ ವರ್ಷ ಸಂಭವಿಸಿದ ಅಪಘಾತಗಳು 4,61,312. ಮಡಿದವರು 1,68,491 ಮಂದಿ. ದೇಶದ ಒಟ್ಟು ರಸ್ತೆಜಾಲದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರ ಆಸುಪಾಸಿನದು. ಸಾವುಗಳಲ್ಲಿ ಅವುಗಳ ಪಾಲು ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ಇದೇ ವರದಿಗಳಲ್ಲಿ ಅಪಘಾತದ ಹೊತ್ತಿನ ಹವಾಮಾನವನ್ನು ತಿಳಿಸುವ ಕೋಷ್ಟಕವೂ ಇರುತ್ತದೆ. ಅದನ್ನು ಮೊದಲ ಬಾರಿಗೆ ನೋಡುವವರಿಗೆ ಆಶ್ಚರ್ಯವಾಗುವುದು ಸಹಜ. ಸುಮಾರು ಮುಕ್ಕಾಲು ಪಾಲು ಅಪಘಾತಗಳು ನಡೆದಿರುವುದು ಶುಭ್ರವಾದ ಬಿಸಿಲಿನ ವಾತಾವರಣದಲ್ಲಿ. ಹಾಗಾದರೆ ಮಳೆ ನಿರಪರಾಧಿಯೇ?

ಈ ಪ್ರಶ್ನೆ ಗಡಿನಾಡಿನ ನಮಗೆ ಕೇವಲ ಕುತೂಹಲದ್ದಲ್ಲ. ತಲಪಾಡಿಯಿಂದ ಕಾಲಿಕಡವಿನವರೆಗೆ ಕಾಸರಗೋಡು ಜಿಲ್ಲೆಯ ಉದ್ದಕ್ಕೂ ಹಾಯುವ ರಾಷ್ಟ್ರೀಯ ಹೆದ್ದಾರಿ 66 ನಮ್ಮ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿಯ ನಿತ್ಯದ ದಾರಿ. ಮಂಜೇಶ್ವರ, ಉಪ್ಪಳ, ಕುಂಬಳೆಗಳಿಂದ ಬಸ್ಸಿನಲ್ಲಿಯೋ ದ್ವಿಚಕ್ರ ವಾಹನದಲ್ಲಿಯೋ ಕಾಲೇಜಿಗೆ ಬರುವವರು ವರ್ಷದ ನಾಲ್ಕೈದು ತಿಂಗಳು ಒದ್ದೆಯಾದ ರಸ್ತೆಯ ಮೇಲೆಯೇ ಸಂಚರಿಸುತ್ತಾರೆ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಹೀಗಾಗಿ ಮಳೆ ಮತ್ತು ರಸ್ತೆಯ ಮೇಲ್ಮೈ ಸೇರಿ ಅಪಾಯವನ್ನು ಹೇಗೆ ಹೆಚ್ಚಿಸುತ್ತವೆ, ಅದರಲ್ಲಿ ರಸ್ತೆಯ ಪಾಲೆಷ್ಟು, ಚಾಲಕನ ಪಾಲೆಷ್ಟು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಎಣಿಕೆ ಬೇರೆ, ಅಪಾಯ ಬೇರೆ

ಮೇಲಿನ ಕೋಷ್ಟಕವು ಅಪಘಾತಗಳ ಎಣಿಕೆಯನ್ನು ಹೇಳುತ್ತದೆ, ಅಪಾಯದ ಪ್ರಮಾಣವನ್ನು ಹೇಳುವುದಿಲ್ಲ. ಇವೆರಡರ ಅಂತರವನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಒಂದು ಹೆದ್ದಾರಿಯಲ್ಲಿ ವರ್ಷಕ್ಕೆ 100 ಅಪಘಾತಗಳಾದುವು ಎಂದುಕೊಳ್ಳೋಣ. ಅವುಗಳಲ್ಲಿ 80 ಮಳೆಯಿಲ್ಲದ ಹೊತ್ತಿನವು, 20 ಮಳೆಯ ಹೊತ್ತಿನವು. ಎಣಿಕೆಯನ್ನಷ್ಟೇ ನೋಡಿದರೆ ಬಿಸಿಲೇ ಅಪಾಯಕಾರಿ ಎನ್ನಬೇಕಾಗುತ್ತದೆ. ಆದರೆ ವಾಹನಗಳು ಸಂಚರಿಸಿದ ಒಟ್ಟು ಅವಧಿಯಲ್ಲಿ ಮಳೆ ಸುರಿದದ್ದು ನೂರಕ್ಕೆ 10 ಪಾಲು ಮಾತ್ರವಾಗಿದ್ದರೆ? ಆಗ ಒಣ ಅವಧಿಯ 90 ಪಾಲಿಗೆ 80 ಅಪಘಾತಗಳು, ಅಂದರೆ ಒಂದು ಪಾಲಿಗೆ ಒಂದಕ್ಕಿಂತ ಕಡಿಮೆ. ಮಳೆಯ 10 ಪಾಲಿಗೆ 20, ಅಂದರೆ ಒಂದು ಪಾಲಿಗೆ ಎರಡು. ಎಣಿಕೆಯಲ್ಲಿ ನಾಲ್ಕನೆಯ ಒಂದು ಭಾಗದಷ್ಟಿದ್ದ ಮಳೆಯು ಅಪಾಯದಲ್ಲಿ ಎರಡೂಕಾಲು ಪಟ್ಟು ಮೇಲೇರಿತು.

ವಾಸ್ತವದಲ್ಲಿ ಇದನ್ನು ಅಳೆಯಲು ಸಂಶೋಧಕರು ಜೋಡಿ ಹೋಲಿಕೆಯ ಕ್ರಮವನ್ನು ಅನುಸರಿಸುತ್ತಾರೆ. ಸೋಮವಾರ ಸಂಜೆ ಐದರಿಂದ ಏಳರವರೆಗೆ ಮಳೆ ಬಂದಿದ್ದರೆ, ಆ ಎರಡು ಗಂಟೆಗಳನ್ನು ಮಳೆಯಿಲ್ಲದ ಹಿಂದಿನ ಅಥವಾ ಮುಂದಿನ ವಾರದ ಸೋಮವಾರದ ಅದೇ ಎರಡು ಗಂಟೆಗಳೊಡನೆ ಹೋಲಿಸುವುದು. ವಾಹನದಟ್ಟಣೆ, ಬೆಳಕು, ಜನರ ದಿನಚರಿ ಎಲ್ಲವೂ ಹೆಚ್ಚುಕಡಿಮೆ ಸಮಾನವಾಗಿರುವುದರಿಂದ ಉಳಿಯುವ ವ್ಯತ್ಯಾಸ ಬಹುಮಟ್ಟಿಗೆ ಮಳೆಯದು. ಕೆನಡಾದ ಕ್ಯಾಲ್ಗರಿ ಮತ್ತು ಎಡ್ಮಂಟನ್ ನಗರಗಳ 1979ರಿಂದ 1983ರವರೆಗಿನ ದಾಖಲೆಗಳನ್ನು ಜೀನ್ ಆಂಡ್ರೆ ಮತ್ತು ಸ್ಯಾಮ್ ಯಾಗರ್ ಈ ಕ್ರಮದಲ್ಲಿ ಪರಿಶೀಲಿಸಿ 1993ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಳೆ ಸುರಿಯುತ್ತಿರುವಾಗ ಅಪಘಾತದ ಸಂಭವ ಸಾಮಾನ್ಯಕ್ಕಿಂತ ಶೇಕಡಾ 70ರಷ್ಟು ಹೆಚ್ಚು ಎಂಬುದು ಅವರು ಕಂಡ ಮೊದಲ ಸಂಗತಿ. ಅವರು ಕಂಡ ಎರಡನೆಯ ಸಂಗತಿ ಇನ್ನೂ ಸ್ವಾರಸ್ಯಕರವಾದುದು. ಅದನ್ನು ಮುಂದೆ ನೋಡೋಣ. ಮಳೆ ನಿರಪರಾಧಿಯಲ್ಲ ಎಂಬುದು ಸದ್ಯಕ್ಕೆ ಸ್ಪಷ್ಟ. ಅದು ಮಾಡುವ ಕೇಡಿನ ಬಗೆಯೇನು ಎಂಬುದು ಮುಂದಿನ ವಿಚಾರ.

ಅಂಗೈಯಗಲದ ಆಸರೆ

ಕಾರೊಂದು ಎಷ್ಟೇ ದೊಡ್ಡದಿರಲಿ, ಅದರ ಪ್ರತಿಯೊಂದು ಚಕ್ರವು ನೆಲವನ್ನು ಮುಟ್ಟುವುದು ಸರಿಸುಮಾರು ಅಂಗೈಯಗಲದ ಜಾಗದಲ್ಲಿ ಮಾತ್ರ. ದ್ವಿಚಕ್ರ ವಾಹನದಲ್ಲಿ ಅದು ಇನ್ನೂ ಕಿರಿದು. ವೇಗವನ್ನು ಹೆಚ್ಚಿಸುವುದು, ತಿರುವಿನಲ್ಲಿ ಹೊರಳುವುದು, ನಿಲ್ಲುವುದು, ಇವಿಷ್ಟೂ ಆ ಚಿಕ್ಕ ಜಾಗದ ಘರ್ಷಣೆಯಿಂದಲೇ ನಡೆಯಬೇಕು. ಎಂಜಿನಿಯರುಗಳು ಇದನ್ನು ಘರ್ಷಣಾ ಗುಣಾಂಕ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಒಳ್ಳೆಯ ಒಣ ರಸ್ತೆಯಲ್ಲಿ ಅದು 0.7ರ ಆಸುಪಾಸಿನಲ್ಲಿರುತ್ತದೆ. ಒದ್ದೆ ರಸ್ತೆಯಲ್ಲಿ ಅರ್ಧಕ್ಕೆ ಇಳಿಯುವುದುಂಟು. ಭಾರತದಲ್ಲಿ ಹೆದ್ದಾರಿಗಳನ್ನು ವಿನ್ಯಾಸಗೊಳಿಸುವಾಗ ವಾಹನ ನಿಲ್ಲಲು ಬೇಕಾದ ದೂರವನ್ನು 0.35ರಿಂದ 0.40ರ ಗುಣಾಂಕವನ್ನು ಹಿಡಿದೇ ಲೆಕ್ಕಹಾಕುತ್ತಾರೆ. ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವವರೆಗಿನ ಅವಧಿಗೆ ಎರಡೂವರೆ ಸೆಕೆಂಡುಗಳನ್ನು ಸೇರಿಸುತ್ತಾರೆ. ವಿನ್ಯಾಸಕಾರನು ಒದ್ದೆ ರಸ್ತೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ, ಚಾಲಕನು ಒಣ ರಸ್ತೆಯ ಅನುಭವವನ್ನು ನೆಚ್ಚಿಕೊಂಡಿರುತ್ತಾನೆ.

ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. ಚಾಲಕನು ಎಚ್ಚೆತ್ತುಕೊಳ್ಳುವ ಎರಡೂವರೆ ಸೆಕೆಂಡಿನಲ್ಲಿಯೇ 50 ಮೀಟರ್ ಕಳೆದುಹೋಗುತ್ತದೆ. ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 29 ಮೀಟರ್ ಬೇಕು. ಹಿಡಿತ ಅರ್ಧವಾದ ಒದ್ದೆ ರಸ್ತೆಯಲ್ಲಿ ಇದರ ಇಮ್ಮಡಿ, ಅಂದರೆ 58 ಮೀಟರ್ ಬೇಕು. ಈ ಲೆಕ್ಕದೊಳಗೆ ಅಡಗಿರುವ ಇನ್ನೊಂದು ಸತ್ಯ ಹೆಚ್ಚು ಭಯಂಕರವಾದುದು. ಒಣ ರಸ್ತೆಯಲ್ಲಿ ಕಾರು ಯಾವ ಬಿಂದುವಿನಲ್ಲಿ ಪೂರ್ಣವಾಗಿ ನಿಲ್ಲುತ್ತಿತ್ತೋ, ಒದ್ದೆ ರಸ್ತೆಯಲ್ಲಿ ಅದೇ ಬಿಂದುವನ್ನು ತಲುಪುವಾಗ ಅದಕ್ಕೆ ಇನ್ನೂ ಗಂಟೆಗೆ 51 ಕಿಲೋಮೀಟರ್ ವೇಗವಿರುತ್ತದೆ. ಬಿಸಿಲಿನಲ್ಲಿ ಕೂದಲೆಳೆಯಲ್ಲಿ ಪಾರಾಗುತ್ತಿದ್ದ ಪಾದಚಾರಿಗೆ ಮಳೆಯಲ್ಲಿ ಆ ವೇಗದ ಪೆಟ್ಟು ಬೀಳುತ್ತದೆ.

ನಿಲ್ಲಲು ಬೇಕಾದ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ವೇಗವನ್ನು ತುಸು ಇಳಿಸಿದರೂ ಲಾಭ ದೊಡ್ಡದು. ಮೇಲಿನ ಉದಾಹರಣೆಯಲ್ಲಿ ಚಾಲಕನು 72ರಿಂದ 51ಕ್ಕೆ ಇಳಿದರೆ, ಒದ್ದೆ ರಸ್ತೆಯಲ್ಲಿಯೂ ಬ್ರೇಕು ಹಿಡಿದ 29 ಮೀಟರಿನೊಳಗೆ ನಿಲ್ಲಬಲ್ಲನು. ಮಳೆಯಲ್ಲಿ ವೇಗವನ್ನು ಮೂರನೆಯ ಒಂದು ಭಾಗದಷ್ಟು ತಗ್ಗಿಸಿ ಎಂಬ ಹಿತವಚನಕ್ಕೆ ಆಧಾರ ಇಲ್ಲಿದೆ.

ನೀರು ಮಾಡುವ ಎರಡು ಬಗೆಯ ಕೆಲಸ

ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುವುದು ಎರಡು ಕ್ರಮಗಳಲ್ಲಿ. ಮೊದಲನೆಯದು ಲೇಪನದ ಕ್ರಮ. ಕೂದಲೆಳೆಗಿಂತ ತೆಳುವಾದ ನೀರಿನ ಪೊರೆಯೊಂದು ರಬ್ಬರು ಮತ್ತು ಕಲ್ಲಿನ ನಡುವೆ ನಿಂತು, ಕೀಲಿಗೆ ಹಾಕಿದ ಎಣ್ಣೆಯಂತೆ ವರ್ತಿಸುತ್ತದೆ. ಇದಕ್ಕೆ ಹೆಚ್ಚು ನೀರು ಬೇಕಿಲ್ಲ; ತುಂತುರು ಮಳೆ ಸಾಕು. ರಸ್ತೆಯ ಕಲ್ಲು ನುಣುಪಾಗಿದ್ದರೆ ಸಾಧಾರಣ ವೇಗದಲ್ಲಿಯೂ ಚಕ್ರ ಜಾರುತ್ತದೆ.

ಎರಡನೆಯದು ತೇಲುವ ಕ್ರಮ. ಚಕ್ರವು ಎದುರಾದ ನೀರನ್ನು ಅಕ್ಕಪಕ್ಕಕ್ಕೂ ತನ್ನ ಗೀರುಗಳ ಒಳಕ್ಕೂ ತಳ್ಳಿ ನೆಲವನ್ನು ಮುಟ್ಟಬೇಕು. ವೇಗ ಹೆಚ್ಚಿದಂತೆ ಹಾಗೆ ತಳ್ಳಲು ಸಿಗುವ ಸಮಯ ಕಡಿಮೆಯಾಗುತ್ತದೆ. ಒಂದು ಹಂತದಲ್ಲಿ ನೀರಿನ ಒತ್ತಡವೇ ಚಕ್ರವನ್ನು ಮೇಲೆತ್ತುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ವಾಹನ ತಿರುಗದು, ಬ್ರೇಕು ಒತ್ತಿದರೂ ನಿಲ್ಲದು. ನೀರು ತುಂಬಿದ ರನ್‌ವೇಯಲ್ಲಿ ವಿಮಾನದ ಚಕ್ರಗಳು ಹೀಗೆ ತೇಲುವುದನ್ನು ಅಮೆರಿಕದ ನಾಸಾ ಸಂಸ್ಥೆಯಲ್ಲಿ ಅಭ್ಯಸಿಸಿದ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ 1963ರಲ್ಲಿ ಒಂದು ಸರಳ ಸೂತ್ರವನ್ನು ಮುಂದಿಟ್ಟರು. ತೇಲುವಿಕೆ ಆರಂಭವಾಗುವ ವೇಗವು ಚಕ್ರದೊಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ ಎಂಬುದು ಅದರ ಸಾರ. ನೀರು ಸಾಕಷ್ಟು ಆಳವಾಗಿ ನಿಂತಿರುವಾಗ, ಚದರ ಇಂಚಿಗೆ 32 ಪೌಂಡ್ ಗಾಳಿಯಿರುವ ಕಾರಿನ ಚಕ್ರಕ್ಕೆ ಆ ವೇಗ ಗಂಟೆಗೆ ಸುಮಾರು 94 ಕಿಲೋಮೀಟರ್. ಗಾಳಿ 20ಕ್ಕೆ ಇಳಿದಿದ್ದರೆ ಸುಮಾರು 75 ಕಿಲೋಮೀಟರಿಗೇ ಚಕ್ರ ತೇಲತೊಡಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಪರೀಕ್ಷಿಸಿಕೊಳ್ಳುವ ಎರಡು ನಿಮಿಷದ ಕೆಲಸಕ್ಕೆ ಇಷ್ಟು ಬೆಲೆಯಿದೆ.

ಚಕ್ರದ ಗೀರುಗಳಿಗೂ ಇದೇ ಮಹತ್ತ್ವ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳ ಚಕ್ರದ ಗೀರು ಕನಿಷ್ಠ 0.8 ಮಿಲಿಮೀಟರ್, ಇತರ ವಾಹನಗಳದ್ದು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು. ದ್ವಿಚಕ್ರ ವಾಹನದ ಚಕ್ರವು ದುಂಡಗೆ, ಕಿರಿದಾಗಿರುವುದರಿಂದ ನೀರನ್ನು ಸೀಳಿಕೊಂಡು ಹೋಗುತ್ತದೆ. ಕಾರಿನಂತೆ ಸುಲಭವಾಗಿ ತೇಲದು. ಆದರೆ ಕಾರು ಜಾರಿದರೆ ಪಕ್ಕಕ್ಕೆ ಸರಿಯುತ್ತದೆ, ದ್ವಿಚಕ್ರ ಜಾರಿದರೆ ಸವಾರನು ನೆಲಕ್ಕೆ ಬೀಳುತ್ತಾನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರ ಪೈಕಿ ಶೇಕಡಾ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳವರು ಎಂಬುದನ್ನು ಇಲ್ಲಿ ನೆನೆಯಬೇಕು.

ಒಳ್ಳೆಯ ರಸ್ತೆ ನುಣುಪಾಗಿರಬೇಕೆ?

ನಮ್ಮ ಆಡುಮಾತಿನಲ್ಲಿ ರಸ್ತೆಯನ್ನು ಹೊಗಳುವಾಗ ಬೆಣ್ಣೆಯಂತಿದೆ, ನುಣ್ಣಗಿದೆ ಎನ್ನುತ್ತೇವೆ. ಈ ಮೆಚ್ಚುಗೆಯಲ್ಲಿ ಎರಡು ಬೇರೆ ಗುಣಗಳು ಬೆರೆತುಹೋಗಿವೆ. ಏರುತಗ್ಗುಗಳಿಲ್ಲದೆ ಸಮನಾಗಿರುವುದು ಒಂದು ಗುಣ, ಮೈ ನುಣುಪಾಗಿರುವುದು ಇನ್ನೊಂದು. ರಸ್ತೆಗೆ ಬೇಕಾದುದು ಮೊದಲನೆಯದು ಮಾತ್ರ. ಸಮನಾದ, ಆದರೆ ಒರಟಾದ ಮೈಯೇ ಒಳ್ಳೆಯ ರಸ್ತೆಯ ಲಕ್ಷಣ.

ಆ ಒರಟುತನವೂ ಎರಡು ಅಳತೆಗಳದ್ದು. ಜಲ್ಲಿಕಲ್ಲಿನ ಮೈಯನ್ನು ಬೆರಳಿನಿಂದ ಸವರಿದಾಗ ತಿಳಿಯುವ, ಅರ್ಧ ಮಿಲಿಮೀಟರಿಗಿಂತ ಕಿರಿದಾದ ತರಿತರಿ ಒಂದು. ಇದು ನೀರಿನ ತೆಳು ಪೊರೆಯನ್ನು ಚುಚ್ಚಿ ರಬ್ಬರಿಗೆ ಕಲ್ಲನ್ನು ಮುಟ್ಟಿಸುತ್ತದೆ. ಮೇಲೆ ಹೇಳಿದ ಲೇಪನಕ್ಕೆ ಇದು ಮದ್ದು. ಕಲ್ಲುಕಲ್ಲುಗಳ ನಡುವಿನ ಕಣ್ಣಿಗೆ ಕಾಣುವ ಸಂದುಗಳು ಇನ್ನೊಂದು. ಚಕ್ರದಡಿಯ ನೀರಿಗೆ ಓಡಿಹೋಗಲು ಇವು ಕಾಲುವೆಗಳಾಗುತ್ತವೆ. ತೇಲುವಿಕೆಗೆ ಇದು ಮದ್ದು. ವೇಗ ಕಡಿಮೆಯಿದ್ದಾಗ ಮೊದಲನೆಯದು ಮುಖ್ಯ. ಹೆದ್ದಾರಿಯ ವೇಗದಲ್ಲಿ ಎರಡೂ ಬೇಕು. ಎರಡನೆಯದನ್ನು ಅಳೆಯಲು ಬಹು ಸರಳವಾದ ಪರೀಕ್ಷೆಯೊಂದಿದೆ. ನಿರ್ದಿಷ್ಟ ಪ್ರಮಾಣದ ನಯವಾದ ಮರಳನ್ನು ಒಣ ರಸ್ತೆಯ ಮೇಲೆ ಸುರಿದು, ಬಿಲ್ಲೆಯೊಂದರಿಂದ ವೃತ್ತಾಕಾರವಾಗಿ ಹರಡುತ್ತಾರೆ. ಸಂದುಗಳು ಆಳವಾಗಿದ್ದರೆ ಮರಳು ಅವುಗಳೊಳಗೆ ಇಳಿದು ವೃತ್ತ ಕಿರಿದಾಗಿ ಮುಗಿಯುತ್ತದೆ. ವೃತ್ತ ಅಗಲವಾದಷ್ಟೂ ರಸ್ತೆ ನುಣುಪು.

ಹೊಸ ಡಾಂಬರು ರಸ್ತೆಗೆ ಈ ಎರಡೂ ಗುಣಗಳಿದ್ದರೂ ಅವು ಶಾಶ್ವತವಲ್ಲ. ಲಕ್ಷಾಂತರ ಚಕ್ರಗಳು ಉಜ್ಜಿ ಉಜ್ಜಿ ಕಲ್ಲಿನ ತರಿಯನ್ನು ಸವೆಸುತ್ತವೆ. ಸುಣ್ಣಕಲ್ಲು ಬೇಗ ನುಣುಪಾಗುತ್ತದೆ, ಗಟ್ಟಿಯಾದ ಕರಿಕಲ್ಲಿನ ಜಲ್ಲಿ ನಿಧಾನವಾಗಿ. ಡಾಂಬರಿನ ಪ್ರಮಾಣ ಹೆಚ್ಚಾಗಿದ್ದರೆ ಬೇಸಿಗೆಯ ಸೆಕೆಗೆ ಅದು ಕರಗಿ ಮೇಲೆ ಬಂದು ಕಲ್ಲುಗಳನ್ನು ಮುಚ್ಚುತ್ತದೆ. ಚಕ್ರಗಳು ಹಾಯುವ ಜಾಡಿನಲ್ಲಿ ಕರ್ರಗೆ ಹೊಳೆಯುವ ಪಟ್ಟಿಗಳು ಕಂಡರೆ ಅದು ಇದರದೇ ಗುರುತು. ಮಳೆಗಾಲದಲ್ಲಿ ಆ ಹೊಳಪು ಜಾರುಬಂಡೆಯಾಗುತ್ತದೆ. ಅದೇ ಜಾಡು ತಗ್ಗಾಗಿ ಕುಳಿತಿದ್ದರೆ ನೀರು ಅಲ್ಲಿಯೇ ನಿಂತು ತೇಲುವಿಕೆಗೂ ಎಡೆಮಾಡುತ್ತದೆ.

ಡಾಂಬರಿಗೆ ನೀರು ಇನ್ನೊಂದು ಬಗೆಯಲ್ಲಿಯೂ ಶತ್ರು. ಬಿರುಕುಗಳಿಂದ ಒಳಗಿಳಿದ ನೀರು ಡಾಂಬರು ಮತ್ತು ಜಲ್ಲಿಯ ಬೆಸುಗೆಯನ್ನು ಬಿಡಿಸುತ್ತದೆ. ಭಾರದ ವಾಹನಗಳ ಒತ್ತಡಕ್ಕೆ ಜಲ್ಲಿ ಎದ್ದು ಹೊಂಡ ಬೀಳುತ್ತದೆ. ನೀರು ತುಂಬಿದ ಹೊಂಡದ ಆಳ ಸವಾರನಿಗೆ ಕಾಣುವುದಿಲ್ಲ. ನಮ್ಮಿಂದ ಬೆಂಗಳೂರಿಗೆ ಹೋಗುವವರಿಗೆ ಪರಿಚಿತವಾದ ಶಿರಾಡಿ ಘಾಟಿ ಇದಕ್ಕೆ ಒಳ್ಳೆಯ ನಿದರ್ಶನ. ಪ್ರತಿ ಮಳೆಗಾಲದಲ್ಲಿಯೂ ಡಾಂಬರು ಕಿತ್ತುಹೋಗುತ್ತಿದ್ದ ಆ ದಾರಿಗೆ 2015ರಲ್ಲಿ ಒಂದು ಭಾಗಕ್ಕೆ, 2018ರಲ್ಲಿ ಇನ್ನೊಂದು ಭಾಗಕ್ಕೆ ಕಾಂಕ್ರೀಟು ಹಾಸಲಾಯಿತು. ಕೇರಳದಲ್ಲಿ ವಯನಾಡಿಗೆ ಏರುವ ತಾಮರಶ್ಶೇರಿ ಘಾಟಿಯ ತಿರುವುಗಳಲ್ಲಿ ಇಂಟರ್‌ಲಾಕ್ ಇಟ್ಟಿಗೆಗಳನ್ನು ಹಾಸಿರುವುದೂ ಇದೇ ಕಾರಣಕ್ಕೆ.

ಕಾಂಕ್ರೀಟು ಬಾಳಿಕೆ ಬರುತ್ತದೆ, ಬಿಸಿಲಿಗೆ ಕರಗಿ ಮೇಲೆ ಬರುವುದಿಲ್ಲ, ಅದರ ತಿಳಿಬಣ್ಣ ರಾತ್ರಿಯಲ್ಲಿ ಹೆಚ್ಚು ಗೋಚರವಾಗುತ್ತದೆ. ಆದರೆ ಅದರ ಹಿಡಿತ ಕಲ್ಲಿನಿಂದ ತಾನಾಗಿ ಬಂದದ್ದಲ್ಲ. ಹಸಿಯಾಗಿರುವಾಗಲೇ ಕುಂಚ ಅಥವಾ ಬಾಚಣಿಗೆಯಂಥ ಉಪಕರಣದಿಂದ ಗೀರುಗಳನ್ನು ಎಳೆದು ಕೊಟ್ಟದ್ದು. ಗೀರುಗಳು ಸವೆದುಹೋದ ಹಳೆಯ ಕಾಂಕ್ರೀಟು ಮಳೆಯಲ್ಲಿ ಡಾಂಬರಿಗಿಂತಲೂ ಹೆಚ್ಚು ಜಾರಬಹುದು. ಆಗ ಯಂತ್ರದಿಂದ ಮತ್ತೆ ಗೀರುಗಳನ್ನು ಕೊರೆಯಬೇಕು. ನಾಸಾದಲ್ಲಿ ರನ್‌ವೇಗಳಿಗಾಗಿ ಪರೀಕ್ಷಿಸಲಾದ ಈ ಕ್ರಮವನ್ನು ಕ್ಯಾಲಿಫೋರ್ನಿಯದ ಹೆದ್ದಾರಿಗಳ ತಿರುವುಗಳಲ್ಲಿಯೂ ಬಳಸಲಾಯಿತು. ಡಾಂಬರು ಒಳ್ಳೆಯದೋ ಕಾಂಕ್ರೀಟು ಒಳ್ಳೆಯದೋ ಎಂಬ ಪ್ರಶ್ನೆಗಿಂತ, ಹಾಸಿದ ಮೇಲ್ಮೈಯ ಹಿಡಿತವನ್ನು ಕಾಲಕಾಲಕ್ಕೆ ಅಳೆದು ನೋಡಲಾಗುತ್ತಿದೆಯೇ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ನೀರು ಹರಿದುಹೋಗುವ ದಾರಿ

ಮೇಲ್ಮೈ ಎಷ್ಟೇ ಒಳ್ಳೆಯದಿದ್ದರೂ ನೀರು ಅದರ ಮೇಲೆ ನಿಂತರೆ ಪ್ರಯೋಜನವಿಲ್ಲ. ಆದ್ದರಿಂದ ರಸ್ತೆಗೆ ಅಡ್ಡಲಾಗಿ ನೂರಕ್ಕೆ 2ರಿಂದ 2.5ರಷ್ಟು ಇಳಿಜಾರು ಕೊಡುತ್ತಾರೆ. ಎರಡು ಪಥಗಳ ಹಳೆಯ ರಸ್ತೆಯಲ್ಲಿ ನಡುಭಾಗ ಎತ್ತರವಾಗಿ ನೀರು ಎರಡೂ ಅಂಚಿಗೆ ಹರಿಯುತ್ತಿತ್ತು. ಅದು ದಾಟಬೇಕಾದುದು ಒಂದೇ ಪಥದ ಮೂರೂವರೆ ಮೀಟರ್. ಷಟ್ಪಥದಲ್ಲಿ ಒಂದು ದಿಕ್ಕಿನ ಮೂರು ಪಥಗಳೂ ಸಾಮಾನ್ಯವಾಗಿ ಒಂದೇ ಕಡೆಗೆ ಇಳಿಜಾರಾಗಿರುವುದರಿಂದ ನೀರು ಹತ್ತೂವರೆ ಮೀಟರ್ ದಾಟಬೇಕು. ಒಳಗಿನ ಪಥಗಳ ನೀರೆಲ್ಲ ಹೊರ ಪಥದ ಮೇಲೆಯೇ ಹಾಯುವುದರಿಂದ ಅಲ್ಲಿ ನೀರಿನ ಪದರ ಅತ್ಯಂತ ದಪ್ಪವಾಗಿರುತ್ತದೆ.

ತಿರುವುಗಳಲ್ಲಿ ರಸ್ತೆಯನ್ನು ಒಳಬದಿಗೆ ಓಲಿಸಿರುತ್ತಾರೆ. ನೇರ ಭಾಗದ ಇಳಿಜಾರು ಒಂದು ದಿಕ್ಕಿಗಿದ್ದು ತಿರುವಿನದು ವಿರುದ್ಧ ದಿಕ್ಕಿಗಿದ್ದರೆ, ನಡುವೆ ಎಲ್ಲಿಯೋ ಒಂದೆಡೆ ರಸ್ತೆ ಅಡ್ಡಲಾಗಿ ಪೂರ್ತಿ ಸಮತಟ್ಟಾಗಲೇಬೇಕು. ನೀರು ಯಾವ ಕಡೆಗೂ ಹರಿಯದೆ ನಿಲ್ಲುವ ಸ್ಥಳ ಅದು. ಒಳ್ಳೆಯ ರಸ್ತೆಯಲ್ಲಿ, ತಿರುವಿಗೆ ತುಸು ಮೊದಲೇ, ಕಾರಣವಿಲ್ಲದೆ ಕಾರು ಜಾರಿತು ಎಂದು ಜನ ಹೇಳುವ ಕೆಲವು ಅಪಘಾತಗಳ ಕಾರಣ ಇದಾಗಿರುವುದುಂಟು.

ಮೊದಲ ಮಳೆ

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ತುಳುನಾಡು ಮಳೆಗೆ ಸಿದ್ಧವಾಗುತ್ತದೆ. ರಸ್ತೆಗಳ ಮಟ್ಟಿಗೆ ವರ್ಷದ ಅತ್ಯಂತ ಕಪಟದ ದಿನಗಳು ಅವೇ. ಬೇಸಿಗೆಯುದ್ದಕ್ಕೂ ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ, ಸವೆದ ರಬ್ಬರಿನ ಪುಡಿ, ಅಕ್ಕಪಕ್ಕದ ಗುಡ್ಡಗಳ ಕೆಮ್ಮಣ್ಣಿನ ಧೂಳು ರಸ್ತೆಯ ಸಂದುಗಳಲ್ಲಿ ತುಂಬಿರುತ್ತವೆ. ಮೊದಲ ಹನಿಗಳು ಇವನ್ನು ತೊಳೆಯುವುದಿಲ್ಲ, ಕಲಸುತ್ತವೆ. ಜಡಿಮಳೆ ಸುರಿದು ಈ ಲೇಪ ಕೊಚ್ಚಿಹೋಗುವವರೆಗೂ ರಸ್ತೆ ಬರಿಯ ನೀರಿನಿಂದ ಒದ್ದೆಯಾದುದಕ್ಕಿಂತ ಹೆಚ್ಚು ಜಾರುತ್ತದೆ.

ಡೇನಿಯಲ್ ಐಸೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯಕ್ಕೆ ಅಂಕಿಗಳ ಆಧಾರವನ್ನು ಒದಗಿಸಿತು. ಅಮೆರಿಕದ ರಾಜ್ಯಗಳ 1975ರಿಂದ 2000ದವರೆಗಿನ ದಾಖಲೆಗಳನ್ನು ಅವರು ಪರಿಶೀಲಿಸಿದರು. ಎರಡು ದಿನಗಳ ಹಿಂದಷ್ಟೇ ಮಳೆಯಾಗಿದ್ದರೆ, ಇಂದಿನ 1 ಸೆಂಟಿಮೀಟರ್ ಮಳೆ ಪ್ರಾಣಾಂತಿಕ ಅಪಘಾತಗಳ ದರವನ್ನು ಸುಮಾರು ಶೇಕಡಾ 3ರಷ್ಟು ಹೆಚ್ಚಿಸುತ್ತದೆ. ಮಳೆಯಿಲ್ಲದೆ 20ಕ್ಕಿಂತ ಹೆಚ್ಚು ದಿನಗಳು ಕಳೆದಿದ್ದರೆ ಅಷ್ಟೇ ಮಳೆ ಸುಮಾರು ಶೇಕಡಾ 9ರಷ್ಟು ಹೆಚ್ಚಿಸುತ್ತದೆ. ಇನ್ನೂ ವಿಚಿತ್ರವೆಂದರೆ, ದಿನದ ಲೆಕ್ಕದ ಬದಲು ತಿಂಗಳ ಲೆಕ್ಕ ಹಿಡಿದಾಗ ಹೆಚ್ಚು ಮಳೆಯಾದ ತಿಂಗಳುಗಳಲ್ಲಿ ಪ್ರಾಣಾಂತಿಕ ಅಪಘಾತಗಳು ಕಡಿಮೆಯೇ ಇದ್ದುವು. ನಿನ್ನೆಯ ಮಳೆ ರಸ್ತೆಯನ್ನು ತೊಳೆಯುತ್ತದೆ, ಚಾಲಕನ ನೆನಪನ್ನೂ ತಿದ್ದುತ್ತದೆ.

ಈ ದೃಷ್ಟಿಯಿಂದ ಗಡಿನಾಡುಗಳೆಲ್ಲವೂ ಒಂದೇ ಅಲ್ಲ. ರಾಯದುರ್ಗವಿರುವ ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್ ಮಳೆ. ನಮ್ಮಲ್ಲಿ ಬೀಳುವುದರ ಆರನೆಯ ಒಂದು ಭಾಗಕ್ಕಿಂತ ಕಡಿಮೆ. ಅಲ್ಲಿ ಎರಡು ಮಳೆಗಳ ನಡುವಿನ ಅಂತರ ದೀರ್ಘವಾದುದರಿಂದ ಬಹುಪಾಲು ಮಳೆಗಳೂ ಒಂದರ್ಥದಲ್ಲಿ ಮೊದಲ ಮಳೆಗಳೇ. ನಮ್ಮಲ್ಲಿ ಮಳೆಯ ಒಟ್ಟು ಹೊತ್ತು ಬಹಳ; ಅಲ್ಲಿ ಒಂದೊಂದು ಮಳೆಯ ಮೊದಲ ಗಳಿಗೆ ಹೆಚ್ಚು ಕಠಿಣ.

ನೆನಪಿಡಬೇಕಾದ ಸ್ಥಳೀಯ ಸಂಗತಿಗಳು ಇನ್ನೂ ಕೆಲವಿವೆ. ಚೆರ್ಕಳದಿಂದ ಜಾಲ್ಸೂರಿನ ಕಡೆಗೆ ಹೋಗುವಂಥ ಗುಡ್ಡಗಾಡಿನ ದಾರಿಗಳಲ್ಲಿ, ಬಿಸಿಲು ತಾಗದ ಮರಗಳ ನೆರಳಿನಲ್ಲಿ ರಸ್ತೆಯ ಅಂಚಿಗೆ ಹಾವಸೆ ಬೆಳೆಯುತ್ತದೆ. ಬಿಳಿ ಬಣ್ಣದ ದಪ್ಪ ಪಟ್ಟಿಗಳು, ಸೇತುವೆಗಳ ಕಬ್ಬಿಣದ ಸಂದುಗಳು, ಕಾಮಗಾರಿಯ ಲಾರಿಗಳು ಚೆಲ್ಲಿದ ಕೆಮ್ಮಣ್ಣು, ಇವೆಲ್ಲವೂ ಒದ್ದೆಯಾದಾಗ ಡಾಂಬರಿಗಿಂತ ಬಹಳ ಹೆಚ್ಚು ಜಾರುತ್ತವೆ.

ಕಣ್ಣಿನ ಪಾಲು, ಮನಸ್ಸಿನ ಪಾಲು

ಆಂಡ್ರೆ ಮತ್ತು ಯಾಗರ್ ಕಂಡ ಎರಡನೆಯ ಸಂಗತಿಗೆ ಈಗ ಬರೋಣ. ಮಳೆ ನಿಂತೊಡನೆ, ರಸ್ತೆ ಇನ್ನೂ ಒದ್ದೆಯಾಗಿದ್ದರೂ, ಅಪಘಾತದ ಸಂಭವ ಸಾಮಾನ್ಯ ಮಟ್ಟಕ್ಕೆ ಇಳಿಯಿತು. ಜಾರುವುದೊಂದೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು. ಅಂದರೆ ಮಳೆಯ ಅಪಾಯದಲ್ಲಿ ದೃಷ್ಟಿಯ ಪಾಲು ದೊಡ್ಡದು. ಗಾಜಿನ ಮೇಲಿನ ಹನಿಗಳು, ಮುಂದಿನ ಲಾರಿ ಎಬ್ಬಿಸುವ ನೀರಿನ ತುಂತುರು, ರಾತ್ರಿಯಲ್ಲಿ ಎದುರಿನ ದೀಪವನ್ನು ಕನ್ನಡಿಯಂತೆ ಪ್ರತಿಫಲಿಸಿ ಪಟ್ಟಿಗಳನ್ನು ಅಳಿಸಿಬಿಡುವ ಒದ್ದೆ ರಸ್ತೆ, ಇವು ಚಾಲಕನಿಗೆ ಅಪಾಯವನ್ನು ತಡವಾಗಿ ತೋರಿಸುತ್ತವೆ. ನಿಲ್ಲಲು ಹೆಚ್ಚು ದೂರ ಬೇಕಾದ ಹೊತ್ತಿನಲ್ಲಿಯೇ ಕಾಣುವ ದೂರ ಕಡಿಮೆಯಾಗುತ್ತದೆ.

ಹಾಗಾದರೆ ತುಂತುರೇಳದ ರಸ್ತೆಯನ್ನು ಮಾಡಿದರಾಗದೇ? ನೆದರ್ಲೆಂಡ್ಸ್ ದೇಶವು ತನ್ನ ಮುಖ್ಯ ಹೆದ್ದಾರಿಗಳ ಬಹುಭಾಗಕ್ಕೆ ರಂಧ್ರಮಯವಾದ ಡಾಂಬರನ್ನು ಹಾಸಿದೆ. ಮಳೆನೀರು ಅದರೊಳಗೆ ಇಳಿದು ಪಕ್ಕಕ್ಕೆ ಹರಿದುಹೋಗುತ್ತದೆ. ತುಂತುರು ಏಳುವುದಿಲ್ಲ, ಸದ್ದೂ ಕಡಿಮೆ. ಇಂಥ ರಸ್ತೆಗಳ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ರೂನ್ ಎಲ್ವಿಕ್ ಮತ್ತು ಪೌಲ್ ಗ್ರೈಬೆ 2005ರಲ್ಲಿ ವಿಮರ್ಶಿಸಿದಾಗ, ಅಪಘಾತಗಳು ಸ್ಪಷ್ಟವಾಗಿ ಕಡಿಮೆಯಾದುದಕ್ಕೆ ಪುರಾವೆ ದೊರೆಯಲಿಲ್ಲ. ಚೆನ್ನಾಗಿ ಕಾಣುವ, ಸುರಕ್ಷಿತವೆನಿಸುವ ರಸ್ತೆಯಲ್ಲಿ ಜನ ಮಳೆಯಲ್ಲಿಯೂ ವೇಗವನ್ನು ತಗ್ಗಿಸುವುದಿಲ್ಲ ಎಂಬುದು ಇದಕ್ಕೆ ಕೊಡಲಾಗುವ ಒಂದು ವಿವರಣೆ. ಎಂಜಿನಿಯರು ಗಳಿಸಿಕೊಟ್ಟ ಹಿಡಿತವನ್ನು ಚಾಲಕನು ವೇಗವಾಗಿ ಮಾರ್ಪಡಿಸಿ ಖರ್ಚುಮಾಡಿಬಿಡುತ್ತಾನೆ.

ನಮ್ಮ ಹೆದ್ದಾರಿ ಅಗಲಗೊಳ್ಳುತ್ತಿರುವ ಈ ಕಾಲದಲ್ಲಿ ಈ ಪಾಠ ನಮಗೆ ತೀರ ಪ್ರಸ್ತುತ. ಹಳೆಯ ಇಕ್ಕಟ್ಟಿನ ರಸ್ತೆಯಲ್ಲಿ ತಿರುವು, ಹೊಂಡ, ಪೇಟೆಯ ಗಲಾಟೆಗಳೇ ವೇಗಕ್ಕೆ ಕಡಿವಾಣ ಹಾಕುತ್ತಿದ್ದುವು. ಷಟ್ಪಥದ ಮೇಲ್ಮೈ ಹಳೆಯದಕ್ಕಿಂತ ಉತ್ತಮವಾದುದೇ. ಆದರೆ 60ರಲ್ಲಿ ಹೋಗುತ್ತಿದ್ದವನು 90ರಲ್ಲಿ ಹೋದರೆ ನಿಲ್ಲಲು ಬೇಕಾದ ಬ್ರೇಕಿನ ದೂರ ಎರಡೂಕಾಲು ಪಟ್ಟಾಗುತ್ತದೆ. ಯಾವ ಡಾಂಬರೂ ಹಿಡಿತವನ್ನು ಎರಡೂಕಾಲು ಪಟ್ಟು ಹೆಚ್ಚಿಸಲಾರದು. ಎ.ಬಿ.ಎಸ್. ಬ್ರೇಕು ಚಕ್ರ ಕಚ್ಚಿಕೊಳ್ಳದಂತೆ ತಡೆದು ಇರುವ ಹಿಡಿತವನ್ನು ಚೆನ್ನಾಗಿ ಬಳಸುತ್ತದೆ. ಇಲ್ಲದ ಹಿಡಿತವನ್ನು ಅದು ಸೃಷ್ಟಿಸದು.

ಮಾಡಬೇಕಾದುದು

ರಸ್ತೆಯನ್ನು ನೋಡಿಕೊಳ್ಳುವವರು ಮಾಡಬೇಕಾದ ಕೆಲಸ ಇಂತಿದೆ: ಮಳೆಗಾಲಕ್ಕೆ ಮುನ್ನ ಮೇಲ್ಮೈಯ ಹಿಡಿತವನ್ನು ಅಳೆಯುವುದು, ಹೊಳೆಯುವ ಜಾಡುಗಳನ್ನು ಒರಟುಗೊಳಿಸುವುದು, ಚರಂಡಿಗಳನ್ನು ತೆರವುಗೊಳಿಸುವುದು, ನೀರು ನಿಲ್ಲುವೆಡೆಗಳನ್ನು ಗುರುತಿಸಿ ಸರಿಪಡಿಸುವುದು. ಎಚ್ಚರಿಕೆಯ ಫಲಕಗಳೂ ಅವರ ಹೊಣೆಯೇ. ಜಾರುವ ರಸ್ತೆಯನ್ನು ಸೂಚಿಸುವ ತ್ರಿಕೋನಾಕಾರದ ಚಿಹ್ನೆಗೆ ಭಾಷೆಯ ಹಂಗಿಲ್ಲ. ಆದರೆ ಮುಂದೆ ನೀರು ನಿಂತಿದೆ, ದಾರಿ ಬದಲಿಸಿ ಎಂಬಂಥ ತಾತ್ಕಾಲಿಕ ಸೂಚನೆಗಳು ಅಕ್ಷರದಲ್ಲಿರುತ್ತವೆ. ಕನ್ನಡಿಗರು ದಿನವೂ ಹಾಯುವ ಹಾದಿಯಲ್ಲಿ ಅವು ಕನ್ನಡದಲ್ಲಿಯೂ ಇದ್ದರೆ ಓದಿ ಅರ್ಥಮಾಡಿಕೊಳ್ಳುವ ಸೆಕೆಂಡುಗಳು ಉಳಿಯುತ್ತವೆ. ಒಂದು ಸೆಕೆಂಡಿಗೆ 20 ಮೀಟರ್ ಎಂಬ ಲೆಕ್ಕವನ್ನು ಇಲ್ಲಿಯೂ ಮರೆಯಬಾರದು. ನೀರು ನಿಲ್ಲುವ, ವಾಹನಗಳು ಮತ್ತೆ ಮತ್ತೆ ಜಾರುವ ಸ್ಥಳ ಕಂಡರೆ ಜಾಗ, ದಿನಾಂಕ, ಹೊತ್ತುಗಳನ್ನು ನಮೂದಿಸಿ ಸಂಬಂಧಪಟ್ಟ ಕಚೇರಿಗೆ ಬರೆಯುವುದು ಭಾಷಾ ವಿದ್ಯಾರ್ಥಿಗಳು ಚೆನ್ನಾಗಿ ಮಾಡಬಲ್ಲ ಕೆಲಸ.

ವಾಹನ ನಡೆಸುವವರ ಪಾಲಿನ ಕೆಲಸ ಇನ್ನೂ ಸರಳ. ಮಳೆಗಾಲಕ್ಕೆ ಮುನ್ನ ಚಕ್ರದ ಗೀರನ್ನೂ ಗಾಳಿಯನ್ನೂ ನೋಡಿಕೊಳ್ಳಬೇಕು. ಮಳೆ ಶುರುವಾದೊಡನೆ ವೇಗವನ್ನು ಮೂರನೆಯ ಒಂದು ಭಾಗದಷ್ಟು ಇಳಿಸಿ, ಮುಂದಿನ ವಾಹನದಿಂದ ಇರುವ ಅಂತರವನ್ನು ಇಮ್ಮಡಿಗೊಳಿಸಬೇಕು. ಹಗಲಾದರೂ ದೀಪ ಹಚ್ಚಬೇಕು. ದ್ವಿಚಕ್ರದವರು ಬಿಳಿಪಟ್ಟಿ, ಕಬ್ಬಿಣದ ಸಂದು, ನೀರು ತುಂಬಿದ ಹೊಂಡಗಳ ಮೇಲೆ ಹಾಯಬಾರದು. ಓಲಿರುವಾಗ ಬ್ರೇಕು ಹಿಡಿಯಬಾರದು. ಕಾರು ತೇಲಿದಂತೆನಿಸಿದರೆ ಬ್ರೇಕನ್ನು ಜಗ್ಗದೆ, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಲರೇಟರಿನಿಂದ ಮೆಲ್ಲನೆ ಕಾಲೆತ್ತಬೇಕು. ಬೇಸಿಗೆಯ ಅನಂತರದ ಮೊದಲ ಮಳೆಯಲ್ಲಿ, ಸಾಧ್ಯವಾದರೆ, ಅರ್ಧ ಗಂಟೆ ಕಾದು ರಸ್ತೆ ತೊಳೆದುಕೊಂಡ ಮೇಲೆ ಹೊರಡುವುದು ಎಲ್ಲಕ್ಕಿಂತ ಒಳ್ಳೆಯದು. ರಸ್ತೆ ಎಷ್ಟು ಹಿಡಿತ ಕೊಡುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಅದರಿಂದ ಎಷ್ಟು ಹಿಡಿತ ಬೇಡುತ್ತೇವೆಂಬುದು ಪೂರ್ತಿಯಾಗಿ ನಮ್ಮ ಕೈಯಲ್ಲಿಯೇ ಇದೆ.